ಬಿಡುವು ಯಾರ ಪಾಲಿಗೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನಲ್ಲಿ ಹೊರದೇಶದಲ್ಲಿ ಒಬ್ಬರೂ ಇಲ್ಲದ ಕುಟುಂಬ ಅಪರೂಪ. ದುಬೈ, ಶಾರ್ಜಾ, ದೋಹಾ, ಕುವೈತ್, ಮಸ್ಕತ್ ಎಂಬ ಹೆಸರುಗಳು ಪೆರ್ಲ, ನೀರ್ಚಾಲು, ಮುಳ್ಳೇರಿಯಾಗಳಷ್ಟೇ ಸಲೀಸಾಗಿ ನಮ್ಮ ಮಾತಿನಲ್ಲಿ ಬಂದುಹೋಗುತ್ತವೆ. ಹಾಗೆ ಹೋದವರು ಹೋದದ್ದು ದುಡಿಯಲಿಕ್ಕೆ. ಬದುಕು ಊರಿನಲ್ಲಿ ಕಾಯುತ್ತಿರುತ್ತದೆ, ನಾಲ್ಕು ಕಾಸು ಸೇರಿದ ಮೇಲೆ ಬಂದು ಅದನ್ನು ಕೈಗೆತ್ತಿಕೊಳ್ಳಬಹುದು ಎಂಬುದು ಅವರ ಲೆಕ್ಕ.

ಜಗತ್ತಿನಲ್ಲಿ ಇನ್ನೊಂದು ಬಗೆಯ ವಲಸೆಯೂ ನಡೆಯುತ್ತಿದೆ. ಇಂಗ್ಲೆಂಡ್, ಜರ್ಮನಿ, ಹಾಲೆಂಡ್, ಸ್ವೀಡನ್‌ಗಳಿಂದ ಲಕ್ಷಗಟ್ಟಲೆ ಮಂದಿ ಸ್ಪೇನಿನ ಮೆಡಿಟರೇನಿಯನ್ ಕರಾವಳಿಗೆ ಹೋಗಿ ಮನೆ ಮಾಡುತ್ತಾರೆ. ಅವರಲ್ಲಿ ಬಹಳಷ್ಟು ಜನ ದುಡಿಮೆ ಮುಗಿಸಿ ಪಿಂಚಣಿ ಪಡೆಯುತ್ತಿರುವವರು. ಅವರು ಹೋಗುವುದು ಬದುಕಲೆಂದೇ. ಒಂದು ವಲಸೆಯಲ್ಲಿ ಮನುಷ್ಯ ತನ್ನ ಬದುಕನ್ನು ಹಿಂದೆ ಬಿಟ್ಟು ಹೋಗುತ್ತಾನೆ, ಇನ್ನೊಂದರಲ್ಲಿ ಬದುಕನ್ನು ಹುಡುಕಿಕೊಂಡು ಹೋಗುತ್ತಾನೆ. ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡದೆ ಒಳ್ಳೆಯ ಬದುಕು ಎಂದರೇನು ಎಂಬ ಪ್ರಶ್ನೆಗೆ ನಾವು ಪ್ರಾಮಾಣಿಕವಾಗಿ ಉತ್ತರಿಸಲಾರೆವು.

ಬಾರ್ಸಿಲೋನಾದಲ್ಲಿ ಬಹುಕಾಲ ನೆಲೆಸಿದ್ದ ರಂಗಸ್ವಾಮಿ ಮೂಕನಹಳ್ಳಿಯವರ ಬರಹಗಳನ್ನು ಓದಿದ ಕನ್ನಡಿಗರಿಗೆ ಸ್ಪೇನ್ ತೀರ ಅಪರಿಚಿತವಲ್ಲ. ಅಲ್ಲಿನ ದಿನಚರಿಯನ್ನು ಹೊರಗಿನವರು ಮೆಚ್ಚಿ ವರ್ಣಿಸುತ್ತಾರೆ. ಮಧ್ಯಾಹ್ನದ ಊಟ ಎರಡು ಗಂಟೆಯ ಮೇಲೆ. ಉಂಡಾದ ಮೇಲೂ ಯಾರಿಗೂ ಏಳುವ ಅವಸರವಿಲ್ಲ, ಮಾತು ಮುಂದುವರಿಯುತ್ತದೆ. ಬಿಸಿಲು ಇಳಿದ ಮೇಲೆ ಊರ ನಡುವಿನ ಚೌಕಕ್ಕೆ ಮೂರು ತಲೆಮಾರಿನವರು ಒಟ್ಟಿಗೆ ಬರುತ್ತಾರೆ. ಮಕ್ಕಳು ರಾತ್ರಿ ಹತ್ತಾದರೂ ಚೆಂಡಾಟವಾಡುತ್ತಿರುತ್ತಾರೆ, ಅಜ್ಜಿಯಂದಿರು ಬೆಂಚುಗಳಲ್ಲಿ ಸಾಲಾಗಿ ಕೂತು ಹರಟುತ್ತಾರೆ. ಒಂದು ಲೋಟ ಕಾಫಿ ತರಿಸಿಕೊಂಡು ಒಂದು ಗಂಟೆ ಕೂತರೂ ಯಾರೂ ಎಬ್ಬಿಸುವುದಿಲ್ಲ. ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲಾಗುವ ಊರುಗಳಲ್ಲಿ, ಬಾಗಿಲು ಹಾಕಿಕೊಂಡು, ನೆರೆಮನೆಯವರ ಮುಖವನ್ನೂ ಸರಿಯಾಗಿ ನೋಡದೆ ಬಾಳಿದ ವೃದ್ಧರಿಗೆ ಇದು ಎರಡನೆಯ ಜನ್ಮದಂತೆ ಕಂಡರೆ ಆಶ್ಚರ್ಯವಿಲ್ಲ. ಆ ಆಸೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮನುಷ್ಯರ ನಡುವೆ, ಬೆಳಕಿನಲ್ಲಿ, ಅವಸರವಿಲ್ಲದೆ ಮುದುಕರಾಗಬೇಕೆಂಬುದು ಬಹಳ ಒಳ್ಳೆಯ ಆಸೆ.

ಆದರೆ ಅದಕ್ಕೆ ಕೊಡುವ ಕಾರಣವನ್ನು ಒಪ್ಪುವುದು ಕಷ್ಟ. ಸ್ಪೇನಿನವರು ಹುಟ್ಟಾ ನಿಧಾನಸ್ಥರು, ರಸಿಕರು, ಸೂರ್ಯನ ಮಕ್ಕಳು ಎಂದು ಹೇಳುತ್ತಾರೆ. ಒಂದು ಜನಾಂಗದ ರಕ್ತದಲ್ಲೇ ಬಿಡುವು ಹರಿಯುತ್ತದೆ ಎನ್ನುವುದಕ್ಕೂ ಒಂದು ಜಾತಿಯ ರಕ್ತದಲ್ಲೇ ಬುದ್ಧಿ ಹರಿಯುತ್ತದೆ ಎನ್ನುವುದಕ್ಕೂ ಹೆಚ್ಚಿನ ದೂರವಿಲ್ಲ. ಎರಡೂ ಚರಿತ್ರೆಯನ್ನು ಮರೆಸುತ್ತವೆ. ಅಲ್ಲಿನ ತಡರಾತ್ರಿಯ ಊಟವನ್ನೇ ನೋಡಿ. ಭೂಪಟದಲ್ಲಿ ಸ್ಪೇನಿನ ಬಹುಭಾಗ ಲಂಡನ್ನಿಗಿಂತ ಪಶ್ಚಿಮಕ್ಕಿದೆ. ಆದರೂ 1940ರಲ್ಲಿ ಫ್ರಾಂಕೋ ಸರಕಾರ ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳಿ ಬರ್ಲಿನ್ನಿನ ಹೊತ್ತಿಗೆ ಹೊಂದಿಸಿತು, ಯುದ್ಧ ಮುಗಿದ ಮೇಲೂ ಹಿಂದಕ್ಕೆ ತಿರುಗಿಸಲಿಲ್ಲ. ಅಲ್ಲಿ ಸಂಜೆ ಅಷ್ಟು ಉದ್ದವಾಗಿ ತೋರುವುದಕ್ಕೆ ಒಬ್ಬ ಸರ್ವಾಧಿಕಾರಿಯ ಆಜ್ಞೆಯೂ ಒಂದು ಕಾರಣ.

ಬಿಡುವಿನ ಕಥೆ ಇನ್ನೂ ಮುಖ್ಯವಾದದ್ದು. ಬಾರ್ಸಿಲೋನಾಕ್ಕೆ ವಿದ್ಯುತ್ ಒದಗಿಸುತ್ತಿದ್ದ, ಜನ 'ಲಾ ಕನಾಡಿಯೆನ್ಸೆ' ಎಂದು ಕರೆಯುತ್ತಿದ್ದ ಕಂಪೆನಿಯಲ್ಲಿ 1919ರ ಫೆಬ್ರವರಿಯಲ್ಲಿ ಕೆಲವು ಗುಮಾಸ್ತರನ್ನು ಕೆಲಸದಿಂದ ತೆಗೆದುಹಾಕಿದರು. ಅವರ ಪರವಾಗಿ ಆರಂಭವಾದ ಮುಷ್ಕರ 44 ದಿನ ನಡೆಯಿತು. ನಗರ ಕತ್ತಲಲ್ಲಿ ಮುಳುಗಿತು, ಟ್ರಾಮ್‌ಗಳು ನಿಂತವು, ಸಾವಿರಾರು ಕಾರ್ಮಿಕರು ಸೆರೆಮನೆ ಸೇರಿದರು. ಕೊನೆಗೆ ಏಪ್ರಿಲ್ 3ರಂದು ಸರಕಾರ ದಿನಕ್ಕೆ ಎಂಟು ಗಂಟೆಯ ಕೆಲಸವೆಂಬ ಆಜ್ಞೆ ಹೊರಡಿಸಿತು. ಅದನ್ನು ತಂದುಕೊಟ್ಟವರು ಕತ್ತಲಲ್ಲಿ ಕೂತು ಹಸಿದ ಜನ.

ಅಷ್ಟಾದ ಮೇಲೂ ಸುಖ ಬರಲಿಲ್ಲ. ಅಂತರ್ಯುದ್ಧ ಬಂತು, ಸರ್ವಾಧಿಕಾರ ಬಂತು, ಹಸಿವು ಬಂತು. 1960ರಲ್ಲಿ ಸ್ಪೇನ್ ಪಶ್ಚಿಮ ಜರ್ಮನಿಯೊಡನೆ ಕೆಲಸಗಾರರನ್ನು ಕಳಿಸಿಕೊಡುವ ಒಪ್ಪಂದ ಮಾಡಿಕೊಂಡಿತು. ಆ ವರ್ಷಗಳಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿದ ಸ್ಪೇನಿಗರು ಜರ್ಮನಿ, ಫ್ರಾನ್ಸ್, ಸ್ವಿಟ್ಜರ್ಲೆಂಡ್‌ಗಳಿಗೆ ದುಡಿಯಲು ಹೋದರು. ಕಾರ್ಖಾನೆಯ ಪಕ್ಕದ ಬ್ಯಾರಕ್ಕುಗಳಲ್ಲಿ ಒಂದೊಂದು ಕೋಣೆಗೆ ಹಲವರಂತೆ ಮಲಗಿ, ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು, ತಿಂಗಳು ತಿಂಗಳು ಹಣ ಕಳಿಸಿದರು. ಇದನ್ನು ಓದುವಾಗ ಬದಿಯಡ್ಕದವರಿಗೆ ತಮ್ಮ ಮನೆಯ ಕಥೆಯನ್ನೇ ಓದಿದಂತಾಗುತ್ತದೆ. ಬಿಡುವಿಗೆ ಹೆಸರಾದ ಜನ ಆಗ ಓವರ್‌ಟೈಮ್ ಕೇಳಿ ಪಡೆಯುತ್ತಿದ್ದರು. ರಕ್ತ ಅದೇ ಆಗಿತ್ತು, ಕಾನೂನು ಮತ್ತು ಆಸ್ತಿ ಬೇರೆಯಾಗಿದ್ದವು. 1975ರಲ್ಲಿ ಫ್ರಾಂಕೋ ಸತ್ತ. 1978ರಲ್ಲಿ ಪ್ರಜಾಪ್ರಭುತ್ವದ ಸಂವಿಧಾನ ಬಂತು, 1986ರಲ್ಲಿ ಎಲ್ಲರಿಗೂ ಸರಕಾರಿ ವೈದ್ಯಕೀಯ ಸೇವೆಗೆ ದಾರಿಮಾಡಿದ ಆರೋಗ್ಯ ಕಾಯಿದೆ ಬಂತು. ಇಂದು ಅಲ್ಲಿ ಸಂಬಳ ಸಹಿತ ವರ್ಷಕ್ಕೆ 30 ದಿನದ ರಜೆ ಕಾನೂನಿನ ಹಕ್ಕು, ಅದರ ಮೇಲೆ 14 ಸಾರ್ವಜನಿಕ ರಜೆಗಳು. ಚೌಕದ ಬೆಂಚಿನಲ್ಲಿ ಕೂತ ಅಜ್ಜಿಯ ನಿಶ್ಚಿಂತೆಯ ಹಿಂದೆ ಇಷ್ಟೆಲ್ಲ ಇದೆ. ಕಾಯಿಲೆ ಬಿದ್ದರೆ ಮನೆ ಮಾರಬೇಕಾಗಿಲ್ಲ ಎಂದು ಗೊತ್ತಿದ್ದವರು ಮಾತ್ರ ಸಂಜೆಯ ಹೊತ್ತು ಅಷ್ಟು ಹಗುರಾಗಿ ನಗಬಲ್ಲರು.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾಗುತ್ತದೆ. ಅದೇ ಸ್ಪೇನಿನ ಅಲ್ಮೇರಿಯಾ ಪ್ರಾಂತದಲ್ಲಿ 30,000 ಹೆಕ್ಟೇರಿಗೂ ಮಿಕ್ಕಿದ ನೆಲ ಪ್ಲಾಸ್ಟಿಕ್ ಹೊದಿಕೆಯ ಹಸಿರುಮನೆಗಳಿಂದ ತುಂಬಿದೆ. ಯುರೋಪಿಗೆ ಚಳಿಗಾಲದಲ್ಲಿ ಟೊಮೆಟೊ, ಸೌತೆ, ಕ್ಯಾಪ್ಸಿಕಂ ಹೋಗುವುದು ಅಲ್ಲಿಂದ. ಆ ಕಾವಿನೊಳಗೆ ಕೆಲಸ ಮಾಡುವವರಲ್ಲಿ ಬಹುಪಾಲು ಮೊರೊಕ್ಕೊ ಮತ್ತು ಪಶ್ಚಿಮ ಆಫ್ರಿಕಾದ ವಲಸಿಗರು. ಅವರಲ್ಲಿ ಎಷ್ಟೋ ಮಂದಿ ಹಳೆಯ ಪ್ಲಾಸ್ಟಿಕ್ಕು, ಹಲಗೆಗಳಿಂದ ಕಟ್ಟಿದ ಗುಡಿಸಲುಗಳಲ್ಲಿದ್ದಾರೆ. 2000ದ ಫೆಬ್ರವರಿಯಲ್ಲಿ ಅಲ್ಲಿನ ಎಲ್ ಎಹಿದೊ ಎಂಬ ಊರಿನಲ್ಲಿ ಮೊರೊಕ್ಕೊದವರ ಅಂಗಡಿ, ಮನೆಗಳ ಮೇಲೆ ದಿನಗಟ್ಟಲೆ ದಾಳಿ ನಡೆಯಿತು. 2020ರಲ್ಲಿ ವಿಶ್ವಸಂಸ್ಥೆಯ ಪರವಾಗಿ ಬಡತನದ ಸ್ಥಿತಿ ನೋಡಲು ಹೋದ ಫಿಲಿಪ್ ಆಲ್ಸ್ಟನ್, ಉವೆಲ್ವಾದ ಸ್ಟ್ರಾಬೆರಿ ಕೂಲಿಗಳು ನೀರು, ವಿದ್ಯುತ್ತು, ಕಕ್ಕಸು ಯಾವುದೂ ಇಲ್ಲದೆ ಬಾಳುವುದನ್ನು ಕಂಡು ಕಟುವಾಗಿ ಖಂಡಿಸಿದರು. ಅಲಿಕಾಂತೆಯ ಕಡಲತೀರದಲ್ಲಿ ಮನೆ ಮಾಡಿದ ಇಂಗ್ಲಿಷ್ ಅಜ್ಜನೂ ವಿದೇಶಿ, ಈ ಕೂಲಿಯವನೂ ವಿದೇಶಿ. ಬಿಸಿಲು ಇಬ್ಬರ ಮೇಲೂ ಬೀಳುತ್ತದೆ. ಒಬ್ಬನ ಪಾಲಿಗೆ ಅದು ಆರೋಗ್ಯ, ಇನ್ನೊಬ್ಬನ ಪಾಲಿಗೆ ಪ್ಲಾಸ್ಟಿಕ್ಕಿನ ಕೆಳಗಿನ ಉಸಿರುಗಟ್ಟುವ ಬೇಗೆ.

2013ರಿಂದ ಸ್ಪೇನ್ ಐದು ಲಕ್ಷ ಯೂರೋ ಆಸ್ತಿ ಕೊಂಡವರಿಗೆ ವಾಸದ ಪರವಾನಗಿಯನ್ನು ಕೊಡುತ್ತಿತ್ತು. 2025ರ ಏಪ್ರಿಲಿನಲ್ಲಿ ಅದನ್ನು ನಿಲ್ಲಿಸಿತು, ಏಕೆಂದರೆ ಅಲ್ಲಿಯ ಯುವಕರಿಗೇ ಬಾಡಿಗೆಗೆ ಮನೆ ಸಿಗದ ಸ್ಥಿತಿ ಬಂದಿತ್ತು. 2024ರಲ್ಲಿ ಕ್ಯಾನರಿ ದ್ವೀಪಗಳಲ್ಲಿ, ಮಾಲಗಾದಲ್ಲಿ, ಬಾರ್ಸಿಲೋನಾದಲ್ಲಿ ಜನ ಬೀದಿಗಿಳಿದು ನಮ್ಮ ಊರು ನಮಗೆ ಉಳಿಯಲಿ ಎಂದು ಕೂಗಿದರು. ಹೊರಗಿನವರು ಮೆಚ್ಚಿ ಬಂದ ಬದುಕು, ಅವರು ಬಂದ ಕಾರಣಕ್ಕೇ ಒಳಗಿನವರ ಕೈ ತಪ್ಪುತ್ತಿದೆ.

ಈಗ ನಮ್ಮ ಕಡೆಗೆ ಬರೋಣ. ಬದಿಯಡ್ಕದ ಸೀಮೆಗೂ ತನ್ನದೇ ಆದ ಬಿಡುವಿನ ಬಾಳು ಇತ್ತು. ಇಂದಿಗೂ ಗಲ್ಫಿನಲ್ಲಿರುವವರು, ಬೆಂಗಳೂರಿನಲ್ಲಿರುವವರು ಅದನ್ನು ನೆನೆದು ಹಂಬಲಿಸುತ್ತಾರೆ. ಅಡಿಕೆ ತೋಟದ ತಂಪು, ಗುಡ್ಡದ ಬುಡದ ಸುರಂಗದಿಂದ ಪಂಪಿನ ಹಂಗಿಲ್ಲದೆ ಹರಿದುಬರುವ ನೀರು, ಜಗಲಿಯಲ್ಲಿ ಎಲೆತಟ್ಟೆಯ ಸುತ್ತ ಕೂತ ನಾಲ್ಕು ಜನ, ಮಧ್ಯಾಹ್ನ ಉಂಡ ಮೇಲಿನ ಒಂದು ಜೊಂಪು, ಬೇಸಗೆಯ ರಾತ್ರಿ ಬೆಳಗಿನವರೆಗೆ ಯಕ್ಷಗಾನ. ಈ ಚಿತ್ರ ಸುಳ್ಳಲ್ಲ. ಆದರೆ ಆ ಮುರಕಲ್ಲಿನ ಗುಡ್ಡದೊಳಗೆ ಮಂಡಿಯೂರಿ, ದೀಪದ ಬೆಳಕಿನಲ್ಲಿ, ಉಸಿರು ಹಿಡಿದು ಸುರಂಗ ತೋಡಿದವರು ಜಗಲಿಯಲ್ಲಿ ಎಲೆತಟ್ಟೆಯ ಸುತ್ತ ಕೂರುತ್ತಿರಲಿಲ್ಲ. ಗೇಣಿಯ ಒಕ್ಕಲು ಅಂಗಳದಲ್ಲಿ ನಿಲ್ಲುತ್ತಿದ್ದ. ಕೊರಗರಿಗೆ ಅಂಗಳವೂ ಇರಲಿಲ್ಲ. ಊಟದ ಮೇಲಿನ ಜೊಂಪಿನ ಹೊತ್ತಿಗೆ ಮನೆಯ ಹೆಂಗಸರು ಎಂಜಲೆಲೆ ತೆಗೆದು, ಗೋಮೆ ಹಚ್ಚಿ, ಆಮೇಲೆ ಉಳಿದದ್ದನ್ನು ಉಣ್ಣಲು ಕೂರುತ್ತಿದ್ದರು. ಅವರ ಜೊಂಪಿನ ಬಗ್ಗೆ ಯಾರೂ ಬರೆಯಲಿಲ್ಲ.

1970ರ ಜನವರಿ 1ರಂದು ಕೇರಳದಲ್ಲಿ ಭೂಸುಧಾರಣೆ ಜಾರಿಗೆ ಬಂದು ಗೇಣಿ ಪದ್ಧತಿ ಮುಗಿಯಿತು. ಒಕ್ಕಲುಗಳು ಒಡೆಯರಾದರು, ಬೇರೆಯವರ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದವರಿಗೆ ಗುಡಿಸಲಿನ ನೆಲವಾದರೂ ದಕ್ಕಿತು. ಅಂದಿನ ದೊಡ್ಡ ಮನೆಗಳಲ್ಲಿ ಹಳೆಯ ಸುಖ ಹೋಯಿತೆಂದು ದುಃಖಿಸಿದವರು ಇದ್ದಾರೆ. ಅವರ ನಷ್ಟ ನಿಜವೇ. ಆದರೂ ನನಗೆ ತೋರುವಂತೆ, ಈ ಸೀಮೆಯಲ್ಲಿ ಒಳ್ಳೆಯ ಬದುಕು ನಿಜವಾಗಿ ಹರಡಲು ಆರಂಭವಾದದ್ದು ಆ ದಿನ. ಬೇರೊಬ್ಬನ ಬೆನ್ನು ಬಾಗಿಸಿ ಪಡೆದ ಬಿಡುವಿಗೆ ಸಂಸ್ಕೃತಿ ಎಂಬ ಹೆಸರು ಕೊಡುವುದು ಮಾನವೀಯವಲ್ಲ.

ಭೂಮಿ ಸಿಗದವರು, ಸಿಕ್ಕ ಹತ್ತು ಸೆಂಟ್ಸಿನಲ್ಲಿ ಹೊಟ್ಟೆ ಹೊರೆಯಲಾಗದವರು ಕಡಲು ದಾಟಿದರು. ಕೇರಳ ವಲಸೆ ಸಮೀಕ್ಷೆಯ ಪ್ರಕಾರ 2023ರಲ್ಲಿ ಈ ರಾಜ್ಯದಿಂದ ಹೊರದೇಶಗಳಲ್ಲಿದ್ದವರು ಸುಮಾರು 22 ಲಕ್ಷ. ಅವರಿಂದ ನಮ್ಮ ಊರುಗಳಿಗೆ ಶಾಲೆಯ ಫೀಸು ಬಂತು, ಟೆರೇಸಿನ ಮನೆ ಬಂತು, ತಂಗಿಯರ ಮದುವೆ ನಡೆಯಿತು. ಅವರಿಗೆ ಏನು ಬಂತು?

ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂಬ ಕಾನೂನಿದೆ. ಒಳ್ಳೆಯ ಕಾನೂನು, ಅದು ಜೀವ ಉಳಿಸಿದೆ. ಆದರೆ ಸ್ಪೇನಿನ ಮಧ್ಯಾಹ್ನದ ವಿರಾಮದಲ್ಲಿ ಮನುಷ್ಯ ಮನೆಯವರ ಜೊತೆ ಊಟಕ್ಕೆ ಕೂರುತ್ತಾನೆ, ಯುಎಇಯಲ್ಲಿ ನಮ್ಮವನು ಸಿಮೆಂಟ್ ಚೀಲಗಳ ಪಕ್ಕದ ನೆರಳಿನಲ್ಲಿ ಮೈಚೆಲ್ಲುತ್ತಾನೆ. ಮನೆಯವರು ಎರಡೂವರೆ ಸಾವಿರ ಕಿಲೋಮೀಟರಿನಾಚೆ ಇದ್ದಾರೆ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬೇಕಾದರೆ ಅಲ್ಲಿ ತಿಂಗಳಿಗೆ 4,000 ದಿರಹಮ್ ಸಂಬಳ ಇರಬೇಕು, ಇಲ್ಲವೇ 3,000 ದಿರಹಮ್ಮಿನ ಜೊತೆಗೆ ವಸತಿ ಇರಬೇಕು. ಅಂಗಡಿ, ಹೋಟೆಲು, ಕಟ್ಟಡದ ಕೆಲಸ ಮಾಡುವ ನಮ್ಮ ಹುಡುಗರಲ್ಲಿ ಬಹಳ ಮಂದಿಗೆ ಅಷ್ಟು ಸಿಗುವುದಿಲ್ಲ.

ಊರಿನಲ್ಲಿ ಈ ಅಗಲಿಕೆಗೆ ಬೇರೆಯೇ ವಿವರಣೆ ಇದೆ. ಅನ್ನದ ಋಣ ಎಲ್ಲಿದೆಯೋ ಅಲ್ಲಿಗೆ ಹೋಗಬೇಕು, ಹಣೆಯಲ್ಲಿ ಬರೆದದ್ದು ತಪ್ಪುವುದಿಲ್ಲ ಎನ್ನುತ್ತಾರೆ. ಹಿರಿಯರು ಸಮಾಧಾನಕ್ಕೆಂದು ಹೇಳುವ ಮಾತು, ಅವರ ನೋವನ್ನು ನಾನು ಗೌರವಿಸುತ್ತೇನೆ. ಆದರೆ 4,000 ದಿರಹಮ್ ಎಂದು ಬ್ರಹ್ಮ ಬರೆದಿಲ್ಲ. ಒಂದು ಕಚೇರಿಯಲ್ಲಿ ಕೂತ ಮನುಷ್ಯರು ಬರೆದಿದ್ದಾರೆ. ಮನುಷ್ಯರು ಬರೆದದ್ದನ್ನು ಮನುಷ್ಯರು ಪ್ರಶ್ನಿಸಬಹುದು, ತಿದ್ದಿಸಬಹುದು. ಅದಕ್ಕೆ ವಿಧಿ ಎಂದು ಹೆಸರಿಟ್ಟ ಕೂಡಲೇ ಪ್ರಶ್ನೆ ನಿಂತುಹೋಗುತ್ತದೆ. ನಮ್ಮ ದೇಶದ ಸರಕಾರ ಆ ದೇಶಗಳೊಡನೆ ಮಾತಿಗೆ ಕೂತಾಗ ತೈಲದ ದರ, ಬಂಡವಾಳದ ಮಾತಿನ ಜೊತೆಗೆ ಒಬ್ಬ ಹೋಟೆಲ್ ಕೆಲಸಗಾರನ ಹೆಂಡತಿಯ ವೀಸಾದ ಮಾತನ್ನೂ ಎತ್ತಬೇಕೆಂದು ನಾವು ಎಷ್ಟು ಸಲ ಕೇಳಿದ್ದೇವೆ? ವಿಧಿಯನ್ನು ನಂಬಿ ಕೂತವರು ಕೇಳುವುದಿಲ್ಲ.

2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ಉರಿದುಹೋಯಿತು. ತೀರಿಹೋದ 158 ಜನರಲ್ಲಿ ನಮ್ಮ ಜಿಲ್ಲೆಯವರು ಬಹಳ ಮಂದಿ. 2024ರ ಜೂನ್ 12ರಂದು ಕುವೈತಿನ ಮಂಗಾಫಿನಲ್ಲಿ ಕೆಲಸಗಾರರು ಕಿಕ್ಕಿರಿದಿದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. 45 ಮಂದಿ ಭಾರತೀಯರು ತೀರಿಹೋದರು, ಅವರಲ್ಲಿಯೂ ಕಾಸರಗೋಡಿನವರಿದ್ದರು. ಮುಂದಿನ ವರ್ಷ ಊರಿಗೆ ಬಂದು ನೆಲೆಸುತ್ತೇನೆ ಎಂದು ಬದುಕನ್ನು ಮುಂದೂಡಿದವರು ಇಂಥ ದುರಂತಗಳಲ್ಲಿ ಎಷ್ಟು ಮಂದಿ ಇದ್ದರೋ. ಬದುಕನ್ನು ಮುಂದೂಡಬೇಕಾಗಿ ಬರುವುದೇ ಬಡವನಿಗಾಗುವ ಅತಿ ದೊಡ್ಡ ಅನ್ಯಾಯವೆಂದು ನನಗೆ ಅನಿಸುತ್ತದೆ. ಇಂಗ್ಲಿಷ್ ಅಜ್ಜನಿಗೆ ಮುಂದೂಡಿದ ಬದುಕು ನಿವೃತ್ತಿಯ ಮೇಲೆ ಸ್ಪೇನಿನಲ್ಲಿ ಸಿಗುತ್ತದೆ, ಅವನಿಗೆ ಪಿಂಚಣಿ ಇದೆ. ನಮ್ಮವನು ಸಕ್ಕರೆ ಕಾಯಿಲೆ ಮತ್ತು ಸೋತ ಕಿಡ್ನಿಯೊಂದಿಗೆ ಮರಳಿದರೆ ಅವನಿಗೆ ಏನಿದೆ?

ಇನ್ನು ಅವನು ಮರಳುವ ಊರಿನ ಮಾತು. 2020ರ ಮಾರ್ಚಿನಲ್ಲಿ, ಕೋವಿಡ್ ಹೊತ್ತಿನಲ್ಲಿ, ಕರ್ನಾಟಕ ಸರಕಾರ ತಲಪಾಡಿಯ ಗಡಿಯನ್ನು ಮಣ್ಣು ಸುರಿದು ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ಹಲವು ರೋಗಿಗಳು ತೀರಿಹೋದರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತಡೆ ತೆಗೆಯಿರಿ ಎಂದು ಆದೇಶಿಸಬೇಕಾಯಿತು. ಗಡಿಯ ಕನ್ನಡಿಗರಾದ ನಮಗೆ ಅದು ಎದೆಗೆ ನಾಟಿದ ನೋವು, ಏಕೆಂದರೆ ಬಾಗಿಲು ಹಾಕಿದವರು ನಮ್ಮದೇ ಭಾಷೆಯವರು. ಆದರೆ ಇನ್ನೊಂದು ಪ್ರಶ್ನೆಯನ್ನು ನಮ್ಮ ರಾಜ್ಯಕ್ಕೂ ಕೇಳಬೇಕು. ಬದಿಯಡ್ಕ ಪಂಚಾಯತಿನ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಶಂಕುಸ್ಥಾಪನೆಯಾದದ್ದು 2013ರಲ್ಲಿ. ಆ ಕಟ್ಟಡದ ಬಾಗಿಲು ರೋಗಿಗಳಿಗೆ ತೆರೆದದ್ದು 2020ರ ಏಪ್ರಿಲಿನಲ್ಲಿ, ಅದೂ ಕೋವಿಡ್ ಬಂದದ್ದರಿಂದ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದು ಮಕ್ಕಳ ಮೈ ಮನಸ್ಸುಗಳನ್ನೇ ಮುರಿದ ಜಿಲ್ಲೆಯಿದು. ಇಂಥ ಜಿಲ್ಲೆಗೆ ನರರೋಗದ ವೈದ್ಯರು ಎಲ್ಲಕ್ಕಿಂತ ಮೊದಲು ಬರಬೇಕಿತ್ತು. ತಂಪಾದ ತೋಟ, ಸವಿಯಾದ ನೀರು, ಪ್ರೀತಿಯ ಬಂಧುಬಳಗ ಎಲ್ಲ ಇದ್ದೂ ರಾತ್ರಿ ಎದೆನೋವು ಬಂದರೆ ಕರೆದೊಯ್ಯುವ ಜಾಗವಿಲ್ಲದಿದ್ದರೆ ಆ ಬದುಕನ್ನು ಒಳ್ಳೆಯದೆಂದು ಹೇಗೆ ಕರೆಯುವುದು?

ಬಿಡುವಿನ ಮಾತೆತ್ತಿದರೆ ನಮ್ಮಲ್ಲಿ ಕೆಲವರು ಅದನ್ನು ಸೋಮಾರಿತನವೆಂದುಬಿಡುತ್ತಾರೆ. ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು 2023ರಲ್ಲಿ ಇನ್ಫೋಸಿಸ್ ನಾರಾಯಣ ಮೂರ್ತಿಯವರು ಹೇಳಿದರು. 2025ರ ಆರಂಭದಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್. ಎನ್. ಸುಬ್ರಹ್ಮಣ್ಯನ್ ಅದನ್ನು 90ಕ್ಕೆ ಏರಿಸಿದರು. ಕರ್ನಾಟಕ 2023ರಲ್ಲಿ ಕಾರ್ಖಾನೆಗಳಲ್ಲಿ ದಿನಕ್ಕೆ 12 ಗಂಟೆ ದುಡಿಸಲು ಕಾನೂನಿನ ದಾರಿ ಮಾಡಿಕೊಟ್ಟಿತು. ದುಡಿಮೆಯ ಮಹತ್ವದ ಪಾಠ ಬದಿಯಡ್ಕದವರಿಗೆ ಹೊಸದಲ್ಲ. ಇಲ್ಲಿಯ ಪೆರಡಾಲದಲ್ಲಿ ಬಾಳಿದ ಕಯ್ಯಾರ ಕಿಂಞಣ್ಣ ರೈಗಳು ತಮ್ಮ ಆತ್ಮಕಥೆಗೆ 'ದುಡಿತವೇ ನನ್ನ ದೇವರು' ಎಂದೇ ಹೆಸರಿಟ್ಟರು. ಅವರು ಗದ್ದೆ ತೋಟಗಳಲ್ಲಿ ಕೈಯಾರೆ ದುಡಿದವರು, ಶಾಲೆಯಲ್ಲಿ ಪಾಠ ಹೇಳಿದವರು. 1915ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡ ಅವರ ನೂರು ವರ್ಷಗಳನ್ನು ನೋಡಿದರೆ ಇನ್ನೊಂದು ಸಂಗತಿಯೂ ಕಾಣುತ್ತದೆ. ಅವರು ತಮ್ಮ ಹೊತ್ತಿಗೆ ತಾವೇ ಒಡೆಯರಾಗಿದ್ದರು. ಆದ್ದರಿಂದಲೇ ಕವಿತೆಗೆ, ಸ್ವಾತಂತ್ರ್ಯದ ಹೋರಾಟಕ್ಕೆ, ಕಾಸರಗೋಡಿನ ಕನ್ನಡಕ್ಕೆ ಅವರಲ್ಲಿ ಹೊತ್ತಿತ್ತು. ವಾರಕ್ಕೆ 90 ಗಂಟೆ ಬೇರೆಯವರ ಲಾಭಕ್ಕೆ ದುಡಿದ ಮನುಷ್ಯನಲ್ಲಿ ಊರಿಗೆ ಕೊಡಲು ಏನು ಉಳಿದಿರುತ್ತದೆ?

ಕೂರುವುದಕ್ಕೂ ಹೋರಾಡಬೇಕಾದ ನಾಡು ನಮ್ಮದು. ಕೇರಳದ ಜವಳಿ ಅಂಗಡಿಗಳಲ್ಲಿ ಕೆಲಸ ಮಾಡುವ ಹೆಂಗಸರು ದಿನಕ್ಕೆ ಹತ್ತು, ಹನ್ನೆರಡು ಗಂಟೆ ನಿಂತೇ ಇರಬೇಕಾಗಿತ್ತು. ಗಿರಾಕಿ ಇಲ್ಲದಾಗ ಕೂತರೂ ಸಂಬಳದಲ್ಲಿ ಮುರಿಯುತ್ತಿದ್ದರು. ಕಲ್ಲಿಕೋಟೆಯ ಪಿ. ವಿಜಿ ಮತ್ತು 'ಪೆಣ್‌ಕೂಟ್ಟ್' ಸಂಘಟನೆಯ ಹೆಂಗಸರು ವರ್ಷಗಟ್ಟಲೆ ಹೋರಾಡಿದ ಫಲವಾಗಿ 2018ರಲ್ಲಿ ಕಾನೂನು ತಿದ್ದಿದರು, ಕೂರುವುದು ಹಕ್ಕಾಯಿತು. ನನ್ನ ಮಟ್ಟಿಗೆ ಇದು ಬಾರ್ಸಿಲೋನಾದ 44 ದಿನಗಳ ಸಾಲಿಗೇ ಸೇರುವ ಘಟನೆ.

ಇನ್ನೂ ಒಂದು ಮಾತು ಬಾಕಿ ಇದೆ. ನಮ್ಮ ಕೆಂಪುಕಲ್ಲಿನ ಕೋರೆಗಳಲ್ಲಿ, ಕಟ್ಟುತ್ತಿರುವ ಮನೆಗಳಲ್ಲಿ, ಹೋಟೆಲುಗಳ ಅಡುಗೆಮನೆಗಳಲ್ಲಿ, ಈಗ ಅಡಿಕೆ ತೋಟಗಳಲ್ಲಿಯೂ ಬಂಗಾಳ, ಅಸ್ಸಾಮ್, ಒಡಿಶಾದ ಹುಡುಗರು ದುಡಿಯುತ್ತಿದ್ದಾರೆ. ಗಲ್ಫಿನ ಹಣದಿಂದ ಏಳುವ ಮನೆಯ ಗೋಡೆಯನ್ನು ಕಟ್ಟುವವನು ಮುರ್ಷಿದಾಬಾದಿನವನಿರಬಹುದು. ಅವನಿಗೂ ಊರಿನಲ್ಲಿ ಹೆಂಡತಿ, ಮಗು ಇದ್ದಾರೆ, ಅವನೂ ಮೊಬೈಲಿನಲ್ಲಿ ಮಗುವಿನ ಮುಖ ನೋಡಿ ಮಲಗುತ್ತಾನೆ. ಅವನ ಕೋಣೆಯಲ್ಲಿ ಎಷ್ಟು ಮಂದಿ ಮಲಗುತ್ತಾರೆ, ಕಕ್ಕಸು ಎಷ್ಟಿದೆ, ಕಾಯಿಲೆ ಬಿದ್ದ ದಿನ ಕೂಲಿ ಸಿಗುತ್ತದೆಯೇ ಎಂದು ಅವನಿಂದ ಬಾಡಿಗೆ ಪಡೆಯುವ ನಾವು ಕೇಳುತ್ತೇವೆಯೇ? ಕುವೈತಿನ ಬೆಂಕಿಗೆ ಕಣ್ಣೀರಿಟ್ಟವರು ಈ ಕೋಣೆಗಳ ಬಾಗಿಲನ್ನು ಒಮ್ಮೆಯಾದರೂ ತಟ್ಟಬೇಕು. ಸ್ಪೇನಿಗರು ಜರ್ಮನಿಯ ಬ್ಯಾರಕ್ಕುಗಳನ್ನು ಮರೆತು ಅಲ್ಮೇರಿಯಾದ ಗುಡಿಸಲುಗಳಿಗೆ ಕಣ್ಣು ಮುಚ್ಚಿದರು. ಅದೇ ಮರೆವು ನಮಗೆ ಬರಬಾರದು.

ಕೇರಳದ ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ ಗ್ರಾಮಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಮುಂದಿನ ಸಭೆಗೆ ನೀವು ಹೋಗಿ. ಹೆಂಗಸರೂ ಮುದುಕರೂ ಸಂಜೆ ಹೊತ್ತು ಅಂಜಿಕೆಯಿಲ್ಲದೆ ಕೂರಬಹುದಾದ ಒಂದು ಜಾಗವನ್ನು, ಅಲ್ಲಿ ನೆರಳನ್ನು, ಬೆಂಚುಗಳನ್ನು, ಸ್ವಚ್ಛವಾದ ಕಕ್ಕಸನ್ನು ಕೇಳಿ. ರಾತ್ರಿ ಪಾಳಿಯ ವೈದ್ಯರನ್ನು ಕೇಳಿ. ಹೊರರಾಜ್ಯದ ಕೆಲಸಗಾರರು ಮಲಗುವ ಕೋಣೆಗಳನ್ನು ಪಂಚಾಯತು ಕೊನೆಯ ಸಲ ಯಾವಾಗ ಪರಿಶೀಲಿಸಿತೆಂದು ಕೇಳಿ, ಸಾಧ್ಯವಾದರೆ ಅವರಲ್ಲಿ ಒಬ್ಬನನ್ನು ಜೊತೆಗೆ ಕರೆದುಕೊಂಡು ಹೋಗಿ.